ಸಿ ಮೇಜರ್, ಎ ಮೈನರ್ ಎರಡಕ್ಕೂ ಅವೇ ಬಿಳಿ ಕೀ. ಮತ್ತೆ ಫರಕು ಎಲ್ಲಿದೆ?

ಉಣಕಲ್ ಅಪ್ಪ · ಶನಿವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಮಗಳು ಐದನೇ ಕ್ಲಾಸು. ಆರು ತಿಂಗಳಿಂದ ಕೀಬೋರ್ಡ್ ಕ್ಲಾಸಿಗೆ ಹೋಗುತ್ತಿದ್ದಾಳೆ. ಗ್ರೇಡ್ ಪರೀಕ್ಷೆ ಹತ್ತಿರ ಬಂತು, ಸ್ಕೇಲ್‌ಗಳನ್ನು ಬಾಯಿಪಾಠ ಮಾಡಬೇಕಂತೆ. ನಿನ್ನೆ ಊಟಕ್ಕೆ ಕೂತಾಗ ಕೇಳಿದಳು: "ಅಪ್ಪಾ, ಸಿ ಮೇಜರ್‌ಗೂ ಎಲ್ಲಾ ಬಿಳಿ ಕೀ, ಎ ಮೈನರ್‌ಗೂ ಎಲ್ಲಾ ಬಿಳಿ ಕೀ. ಅವೇ ಏಳು ಸ್ವರ ಅಂದಮೇಲೆ ಎರಡು ಹೆಸರು ಯಾಕೆ?"

ತುತ್ತು ಬಾಯಲ್ಲೇ ನಿಂತಿತು. ಸಣ್ಣವನಿದ್ದಾಗ ಮಠದ ಭಜನೆಗೆ ಪೇಟಿ (ಹಾರ್ಮೋನಿಯಂ) ಬಾರಿಸುತ್ತಿದ್ದೆ. ಸಾ ರೇ ಗ ಮ ಗೊತ್ತು. ಬಿಲಾವಲ್, ಕಾಫಿ ಅಂತ ರಾಗಗಳ ಹೆಸರು ಅಷ್ಟಿಷ್ಟು ಗೊತ್ತು. ಈ ಮೇಜರ್ ಮೈನರ್ ಲೆಕ್ಕ ಮಾತ್ರ ತಲೆಗೆ ಹತ್ತಿಲ್ಲ. ಕ್ಲಾಸಿನ ಸರ್‌ಗೆ ಕೇಳಿದರೆ "ಮೇಜರ್ ಅಂದರೆ ಖುಷಿ, ಮೈನರ್ ಅಂದರೆ ದುಃಖ, ಸದ್ಯಕ್ಕೆ ಇಷ್ಟು ಸಾಕು" ಅಂದರು. ಮಗಳು ಎರಡನ್ನೂ ಬಾರಿಸಿ ತೋರಿಸಿದಳು. ನನಗೆ ದುಃಖ ಏನೂ ಆಗಲಿಲ್ಲ. ಫೀಸು ನೆನಪಾದಾಗ ಸ್ವಲ್ಪ ಆಯಿತು.

ಪೇಟಿಯ ಭಾಷೆಯಲ್ಲಿ ಯಾರಾದರೂ ತಿಳಿಸಿ ಹೇಳುತ್ತೀರಾ? ಮೈನರ್‌ನಲ್ಲೇ ಮೂರು ಥರ ಇವೆಯಂತಲ್ಲ, ಅದು ಯಾಕೆ?

ಹಾವೇರಿ ಏಲಕ್ಕಿ · 9:31

ಮೇಜರ್ ಅಂದರೆ ಬಿಲಾವಲ್, ಮೈನರ್ ಅಂದರೆ ಭೈರವಿ. ಮುಗಿಯಿತು.

ಕಪ್ಪು ನಾಲ್ಕು · 9:44

ಮುಗಿಯಲಿಲ್ಲ ಸರ, ಅರ್ಧ ತಪ್ಪಿತು. ಬಿಲಾವಲ್ ಸರಿ, ಎಲ್ಲಾ ಶುದ್ಧ ಸ್ವರ. ಆದರೆ ಭೈರವಿಯಲ್ಲಿ ರೇ ಕೂಡ ಕೋಮಲ, ಅಂದರೆ ಒಂದು ಕೀ ಇಳಿಸಿದ್ದು. ಮೈನರ್‌ನಲ್ಲಿ ರೇ ಶುದ್ಧ, ಗ ಧ ನಿ ಮಾತ್ರ ಕೋಮಲ. ಅದು ಆಸಾವರಿ ಥಾಟ್. ಹಿಂದುಸ್ತಾನಿ ಸಂಗೀತದ ಪಂಡಿತ ಭಾತಖಂಡೆಯವರು ಮಾಡಿದ ಹತ್ತು ಥಾಟ್‌ಗಳ ಪಟ್ಟಿ ತೆಗೆದು ನೋಡಿ.

ಹಾವೇರಿ ಏಲಕ್ಕಿ · 9:47

ಆಸಾವರಿಯನ್ನು ಕೋಮಲ ರೇ ಹಾಕಿ ಹಾಡುವವರೂ ಇದ್ದಾರಲ್ಲ ಅಕ್ಕಾರ?

ಕಪ್ಪು ನಾಲ್ಕು · 9:52

ಇದ್ದಾರೆ. ಅದು ರಾಗದ ಮಾತು. ನಾನು ಹೇಳಿದ್ದು ಥಾಟ್. ಥಾಟ್ ಅಂದರೆ ಸ್ವರ ಜೋಡಿಸಿಟ್ಟ ಕಪಾಟು ಅಷ್ಟೇ, ಅದನ್ನು ಯಾರೂ ಹಾಡುವುದಿಲ್ಲ. ಅಲ್ಹೈಯಾ ಬಿಲಾವಲ್ ಹಾಡುವಾಗ ಇಳಿಯುತ್ತಾ ಕೋಮಲ ನಿ ಬರುತ್ತದೆ, ಆದರೂ ಅದು ಬಿಲಾವಲ್ ಥಾಟಿನಲ್ಲೇ ಇದೆ. ಸ್ಕೇಲ್ ಅನ್ನುವುದು ಥಾಟಿಗೆ ಹತ್ತಿರ, ರಾಗಕ್ಕೆ ದೂರ. ಸೋತೆ ಅಂತ ಒಪ್ಪಿಕೊಂಡರೆ ಒಂದು ಮಿರ್ಚಿ ಕೊಡಿಸುತ್ತೇನೆ.

ಬೆಟಗೇರಿ ಪೇಟಿ · 10:35

ಅಪ್ಪಾರ, ಹೆಸರು ಆಮೇಲೆ. ಮೊದಲು ಮನೆ ಎಣಿಸೋಣ.

ನನಗೆ ಪೇಟಿ ಕಲಿಸಿದ ಗುರುಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಅವರಿಗೆ ಕಪ್ಪು ಬಿಳಿ ಅನ್ನುವುದು ಬಣ್ಣ ಅಲ್ಲ, ಎತ್ತರ ತಗ್ಗು. ನನ್ನ ಬೆರಳು ಹಿಡಿದು ಪೇಟಿಯ ಮೇಲೆ ಎಳೆಯುತ್ತಿದ್ದರು: "ಎರಡು ದಿಬ್ಬ, ಬಯಲು. ಮೂರು ದಿಬ್ಬ, ಬಯಲು." ಬಯಲು ಅಂದರೆ ನಡುವೆ ಕಪ್ಪು ಇಲ್ಲದೆ ಎರಡು ಬಿಳಿ ಅಂಟಿಕೊಂಡಿರುವ ಜಾಗ. ಒಂದು ಸಪ್ತಕದಲ್ಲಿ, ಅಂದರೆ ಸಾ ದಿಂದ ಮೇಲಿನ ಸಾ ವರೆಗೆ, ಎರಡೇ ಬಯಲು. ಈ ಎರಡು ಬಯಲು ಗೊತ್ತಾದರೆ ಅರ್ಧ ಕಲಿತ ಹಾಗೆ ಅನ್ನುತ್ತಿದ್ದರು.

ಈಗ ಲೆಕ್ಕ. ಒಂದು ಸಾ ಬಿಟ್ಟು ಮೇಲಿನ ಸಾ ಮುಟ್ಟಲು ಕಪ್ಪು ಬಿಳಿ ಸೇರಿ 12 ಮನೆ ನಡೆಯಬೇಕು. ಚೌಕಾಬಾರದಲ್ಲಿ ಕಾಯಿ ನಡೆಸಿದ ಹಾಗೆ ಒಂದೊಂದೇ ಎಣಿಸಿ, ಕಪ್ಪನ್ನು ಹಾರಿಸಬೇಡಿ. ಮೇಜರ್‌ನ ನಡೆ ಹೀಗೆ: 2-2-1-2-2-2-1. ಕೂಡಿಸಿದರೆ 12. ಬಿಳಿ ಒಂದರಿಂದ, ಅಂದರೆ ಸಿ ಯಿಂದ ಈ ನಡೆ ಹಾಕಿ. ಆ ಎರಡು "1" ಸರಿಯಾಗಿ ಎರಡು ಬಯಲಿನ ಮೇಲೆ ಬೀಳುತ್ತವೆ, ಗ-ಮ ನಡುವೆ ಒಂದು, ನಿ-ಸಾ ನಡುವೆ ಒಂದು. ಅದಕ್ಕೇ ಕಪ್ಪು ಬೇಕಾಗುವುದಿಲ್ಲ. ಬಿಳಿ ಎರಡರಿಂದ, ಡಿ ಯಿಂದ, ಇದೇ ನಡೆ ಹಾಕಿದರೆ ಎರಡು ಕಪ್ಪು ಸಿಗುತ್ತವೆ: ಎಫ್ ಶಾರ್ಪ್, ಸಿ ಶಾರ್ಪ್ (ಎಫ್, ಸಿ ಗಳ ಬಲಕ್ಕಿರುವ ಕಪ್ಪು). ನಡೆ ಬದಲಾಗಲಿಲ್ಲ, ಬಯಲು ಬೇರೆ ಕಡೆ ಹೋಯಿತು ಅಷ್ಟೇ.

ಮೈನರ್‌ನ ನಡೆ: 2-1-2-2-1-2-2. ಬಿಳಿ ಆರರಿಂದ, ಎ ಯಿಂದ ಹಾಕಿ. ಮತ್ತೆ ಒಂದೂ ಕಪ್ಪು ಇಲ್ಲ. ಎರಡು ನಡೆಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಮೇಜರ್ ನಡೆಯನ್ನೇ ಆರನೇ ಸ್ವರದಿಂದ ಶುರು ಮಾಡಿದರೆ ಮೈನರ್ ನಡೆ. ಬಳೆ ಒಂದೇ, ಎಲ್ಲಿಂದ ಹಿಡಿದು ತಿರುಗಿಸಿದಿರಿ ಅನ್ನುವುದು ಬೇರೆ.

ಬಾಯಿಪಾಠ ಮಾಡಿಸಲೇಬೇಡಿ. ಎರಡು ನಡೆ ಕಲಿತರೆ 24 ಸ್ಕೇಲ್ ತಾನೇ ಬರುತ್ತವೆ.

ಉಣಕಲ್ ಅಪ್ಪ · 10:58

ಮಾಸ್ತರ, ಬಾಳ ಚಂದ ಹೇಳಿದಿರಿ. ಮಗಳು ಮಲಗಿದ್ದಾಳೆ, ನಾನೇ ಕೀಬೋರ್ಡಿನ ದನಿ ಸಣ್ಣ ಮಾಡಿ ಎಣಿಸಿ ನೋಡಿದೆ. ಸರಿ ಬಂತು. ಆದರೆ ಅವಳ ಪ್ರಶ್ನೆ ಅಲ್ಲೇ ಕೂತಿದೆ. ಬಳೆ ಒಂದೇ ಆದರೆ ಎಲ್ಲಿಂದ ಹಿಡಿದೆ ಅಂತ ಕೇಳುವವರಿಗೆ ಹೇಗೆ ಗೊತ್ತಾಗಬೇಕು? ಹಾಡಿನ ಮಧ್ಯೆ ಯಾರು ಎಣಿಸುತ್ತಾ ಕೂಡುತ್ತಾರೆ?

ಕಪ್ಪು ನಾಲ್ಕು · 11:10

ಇದಕ್ಕೆ ಉತ್ತರ ನಮ್ಮ ಮನೆಯ ಮೂಲೆಯಲ್ಲೇ ನಿಂತಿದೆ: ತಂಬೂರಿ. ಸಾ, ಅದರ ಜೊತೆ ಪ, ಬಿಡದೆ ನುಡಿಯುತ್ತಾ ಸಾ ಎಲ್ಲಿದೆ ಅಂತ ಕಿವಿಗೆ ಹೇಳುವುದು ಅದೇ.

ನಾಳೆ ಬೆಳಿಗ್ಗೆ ಹೀಗೆ ಮಾಡಿ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಸಾ ಅನ್ನು ಸಿ ಗೆ ಇಡಿ. ಮಗಳು ಬಿಳಿ ಕೀಗಳ ಮೇಲೆ ಸುಮ್ನೆ ಓಡಾಡಲಿ. ಐದು ನಿಮಿಷ. ಆಮೇಲೆ ಅವಳ ಕೈ ನಿಲ್ಲಿಸಬೇಡಿ, ತಂಬೂರಿಯ ಸಾ ಮಾತ್ರ ಎ ಗೆ ಬದಲಿಸಿ. ಬೆರಳು ಅಲ್ಲೇ ಇರುತ್ತವೆ, ಕೀ ಅವೇ ಇರುತ್ತವೆ, ಆದರೆ ಕೋಣೆಯ ಬೆಳಕು ಬದಲಾದ ಹಾಗೆ ಆಗುತ್ತದೆ. ಮೊದಲು ಧ ಆಗಿದ್ದದ್ದು ಈಗ ಸಾ. ಮೊದಲು ಸಾ ಆಗಿದ್ದದ್ದು ಈಗ ಕೋಮಲ ಗ.

ನಮ್ಮಲ್ಲಿ ಇದಕ್ಕೆ ಮೂರ್ಛನೆ ಅನ್ನುತ್ತಾರೆ. ಬಿಲಾವಲ್‌ನ ಬಿಳಿ ಕೀಗಳನ್ನೇ ರೇ ಯಿಂದ ಹಿಡಿದರೆ ಕಾಫಿ ಥಾಟ್, ಗ ದಿಂದ ಭೈರವಿ, ಮ ದಿಂದ ಕಲ್ಯಾಣ, ಪ ದಿಂದ ಖಮಾಜ್, ಧ ದಿಂದ ಆಸಾವರಿ. ಏಲಕ್ಕಿ ಸರ, ನಿಮ್ಮ ಭೈರವಿಯೂ ಅದೇ ಬಳೆಯಲ್ಲಿ ಇದೆ, ಮೂರನೇ ಸ್ವರದಲ್ಲಿ. ನೀವು ಬೇರೆ ಬಾಗಿಲು ಬಡಿದಿರಿ ಅಷ್ಟೇ.

ಐದು ಸ್ವರದ ರಾಗದಲ್ಲಿ ಇನ್ನೂ ಮಜಾ ಇದೆ. ಭೂಪದ ಸಾ ರೇ ಗ ಪ ಧ ತೆಗೆದುಕೊಳ್ಳಿ. ಗ ವನ್ನು ಸಾ ಮಾಡಿದರೆ ಮಾಲಕಂಸ. ಪ ವನ್ನು ಸಾ ಮಾಡಿದರೆ ದುರ್ಗಾ. ಭೂಪ ಎಲ್ಲಿ, ಮಾಲಕಂಸ ಎಲ್ಲಿ!

ಹಾವೇರಿ ಏಲಕ್ಕಿ · 11:14

ಮಿರ್ಚಿ ಎಲ್ಲಿ ಕೊಡಿಸುತ್ತೀರಿ? ದುರ್ಗದ ಬೈಲಿಗೆ ಬರಲಾ?

ಮಂಡಳಿ ಕೀಬೋರ್ಡ್ · 11:40

ಸಾ ಬದಲಾದರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ. ಗಣಪತಿ ಹಬ್ಬದ ಆರ್ಕೆಸ್ಟ್ರಾಕ್ಕೆ ಕೀಬೋರ್ಡ್ ನುಡಿಸುತ್ತೇನೆ. ಎಲ್ಲವನ್ನೂ ಸಿ ಮೇಜರ್ ಇಲ್ಲವೇ ಎ ಮೈನರ್ ಕೈಯಲ್ಲೇ ನುಡಿಸಿ, ಟ್ರಾನ್ಸ್‌ಪೋಸ್ ಬಟನ್ ಒತ್ತಿ ಪಟ್ಟಿ (ಸಾ ಇಡುವ ಮನೆ) ಬದಲಿಸುವುದು ನನ್ನ ಚಾಳಿ. ಒಂದು ವರ್ಷ ಹಾಡುವ ಹುಡುಗಿಗೆ ಎರಡು ಮನೆ ಏರಿಸಿದೆ. ಮುಂದಿನ ಹಾಡಿಗೆ ಇಳಿಸುವುದು ಮರೆತೆ. ಗಿಟಾರಿನವನು ಸಿ, ನಾನು ಡಿ. ಮೊದಲ ಸಾಲಿನಲ್ಲಿ ಕೂತಿದ್ದ ಅಜ್ಜ ಎದ್ದು "ಮೈಕ್ ಕೆಟ್ಟೈತಿ, ಬಂದ್ ಮಾಡ್ರಿ" ಅಂದ. ಮೈಕಿನವನು ಬೈಗುಳ ತಿಂದ. ನಾನು ಬಾಯಿ ಬಿಡಲಿಲ್ಲ.

ಅದಾದ ಮೇಲೆ 12 ಪಟ್ಟಿಯಲ್ಲೂ ಕೈ ಕೂಡಿಸಿಕೊಂಡೆ.

ಬೆಟಗೇರಿ ಪೇಟಿ · 11:46

ನಮ್ಮ ಸ್ಕೇಲ್ ಚೇಂಜರ್ ಪೇಟಿಯಲ್ಲೂ ಇದೇ ಕಥೆ. ಕೀಗಳ ಹಲಗೆಯನ್ನೇ ಸರಿಸಿ ಕೂಡಿಸುವುದು. ಕೈಗೆ ಆರಾಮ, ತಲೆಗೆ ತುಕ್ಕು.

ಲೆಕ್ಕದ ಅಕ್ಕ · ಭಾನುವಾರ ಬೆಳಿಗ್ಗೆ 7:15

ಧಾರವಾಡದಲ್ಲಿ ಗಣಿತ ಕಲಿಸುತ್ತೇನೆ, ವಯೊಲಿನ್ ಸ್ವಲ್ಪ ಬರುತ್ತದೆ. ಎರಡು ಮಾತು ಸೇರಿಸಲಾ?

ಎಲ್ಲಾ ಅಂತರ ಸಮ ಇದ್ದಿದ್ದರೆ, ಅಂದರೆ 2-2-2-2-2-2 ಅಂತ ಆರು ಹೆಜ್ಜೆ ಹಾಕಿದ್ದರೆ, ಎಲ್ಲಿಂದ ಶುರು ಮಾಡಿದರೂ ಒಂದೇ ಥರ ಕೇಳುತ್ತಿತ್ತು. ಮೆಟ್ಟಿಲೆಲ್ಲಾ ಒಂದೇ ಎತ್ತರ ಇದ್ದರೆ ಕತ್ತಲಲ್ಲಿ ಎಷ್ಟನೇ ಮೆಟ್ಟಿಲಲ್ಲಿ ಇದ್ದೀರಿ ಅಂತ ಕಾಲಿಗೆ ಗೊತ್ತಾಗುವುದಿಲ್ಲ. ಎರಡು ಕಡೆ ಮೆಟ್ಟಿಲು ಗಿಡ್ಡ ಇದ್ದರೆ ಗೊತ್ತಾಗುತ್ತದೆ. ಆ ಎರಡು "1" ಮಾಡುವ ಕೆಲಸ ಅದು. ತಂಬೂರಿ ಇಲ್ಲದಿದ್ದರೂ ಕಿವಿ ಸಾ ಹುಡುಕಿಕೊಳ್ಳುವುದಕ್ಕೆ ಅವೇ ಗುರುತು.

ಇನ್ನೊಂದು. ಮೇಜರ್ ಅನ್ನು ನಡುವೆ ಮುರಿದು ನೋಡಿ. ಸಾ ರೇ ಗ ಮ: 2-2-1. ಪ ಧ ನಿ ಸಾ: ಅದೂ 2-2-1. ನಡುವೆ ಮ ದಿಂದ ಪ ಕ್ಕೆ 2. ಪೂರ್ವಾಂಗ, ಉತ್ತರಾಂಗ ಎರಡೂ ಅವಳಿ ಜವಳಿ. ಸಿ ಮೇಜರ್‌ನ ಮೇಲಿನ ಅರ್ಧವೇ ಜಿ ಮೇಜರ್‌ನ ಕೆಳಗಿನ ಅರ್ಧ. ಹಾಗಾಗಿ ಪ ವನ್ನು ಸಾ ಮಾಡಿಕೊಂಡು ಹೊಸ ಮೇಜರ್ ಕಟ್ಟಿದರೆ ಒಂದೇ ಒಂದು ಕೀ ಬದಲಾಗುತ್ತದೆ, ಎಫ್ ಹೋಗಿ ಎಫ್ ಶಾರ್ಪ್ ಬರುತ್ತದೆ. ಹಳೆಯ ಸಾ ಲೆಕ್ಕದಲ್ಲಿ ಅದು ತೀವ್ರ ಮ, ಅಂದರೆ ಒಂದು ಮನೆ ಏರಿಸಿದ ಮ. ಮತ್ತೆ ಅದರ ಪ ದಿಂದ ಕಟ್ಟಿದರೆ ಎರಡು ಶಾರ್ಪ್. ಮಗಳ ಪುಸ್ತಕದಲ್ಲಿ ಗಡಿಯಾರದ ಥರ ಒಂದು ಚಕ್ರ ಇರುತ್ತದಲ್ಲ, ಅದು ಬೇರೇನೂ ಅಲ್ಲ, ಇದೇ ಪಂಚಮದ, ಅಂದರೆ ಪ ದ ಏಣಿ. ಹನ್ನೆರಡು ಸಲ ಹತ್ತಿದರೆ ಮತ್ತೆ ಸಿ ಗೇ ಬಂದು ನಿಲ್ಲುತ್ತದೆ.

ಸಾಧನಕೇರಿ ಶ್ರುತಿ · 8:02

ಬೇಸರ ಮಾಡಿಕೊಳ್ಳಬೇಡಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಹಾಡಿದ ಊರಲ್ಲಿ ಕೂತು ಮಗುವಿಗೆ 12 ಮನೆ ಎಣಿಸಲು ಕಲಿಸುತ್ತಿದ್ದೀರಿ. ನಮ್ಮದು ಒಂದು ಸಪ್ತಕಕ್ಕೆ 22 ಶ್ರುತಿ, ಅಷ್ಟು ಸೂಕ್ಷ್ಮ. ಕೀಬೋರ್ಡಿನ ಗಂಧಾರ (ಗ) ಗಂಧಾರವೇ ಅಲ್ಲ. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷೇಧ ಮಾಡಿದ್ದರು. ಸುಮ್ನೆ ಮಾಡಿದ್ದರಾ?

ಬೆಟಗೇರಿ ಪೇಟಿ · 8:09

ಆಮೇಲೆ ವಾಪಸ್ ತಂದರಲ್ಲ, ಅದನ್ನೂ ಸುಮ್ನೆ ತಂದರಾ?

ಲೆಕ್ಕದ ಅಕ್ಕ · 8:30

ಶ್ರುತಿ ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಲೆಕ್ಕ ಹಾಕೋಣ. ಸಾ 240 ಹರ್ಟ್ಜ್ ಅಂತ ಇಟ್ಟುಕೊಳ್ಳಿ. ಒಳ್ಳೆಯ ತಂಬೂರಿ ಮೀಟಿದಾಗ ಒಳಗಿಂದ ತಾನಾಗಿ ಏಳುವ ಗಂಧಾರ ಸಾ ದ ನಾಲ್ಕಕ್ಕೆ ಐದು, ಅಂದರೆ 300. ಕೀಬೋರ್ಡಿನಲ್ಲಿ ಒಂದೊಂದು ಮನೆಗೂ ಸುಮಾರು 1.0595 ಪಟ್ಟು ಏರಿಸುತ್ತಾ ಹೋಗುತ್ತಾರೆ, 12 ಸಲ ಏರಿಸಿದರೆ ಸರಿಯಾಗಿ ಎರಡು ಪಟ್ಟು. ನಾಲ್ಕು ಮನೆಗೆ ಸಿಗುವ ಗಂಧಾರ 302.4. ಸ್ವಲ್ಪ ಏರು. ಕೋಮಲ ಗ ಇದಕ್ಕೆ ಉಲ್ಟಾ: ಐದಕ್ಕೆ ಆರು ಲೆಕ್ಕದಲ್ಲಿ 288 ಬರಬೇಕು, ಕೀಬೋರ್ಡ್ ಕೊಡುವುದು 285.4. ಸ್ವಲ್ಪ ಇಳಿ. ತಂಬೂರಿ ಜೊತೆ ಕೀಬೋರ್ಡಿನ ಗ ಒತ್ತಿ ಹಿಡಿದರೆ ಆ ಅಲುಗಾಟ ಕಿವಿಗೆ ಸಿಗುತ್ತದೆ.

ಆದರೆ ಈ ರಾಜಿ ಯಾಕೆ ಮಾಡಿಕೊಂಡರು? ಯಾವ ಮನೆಯಿಂದ ಶುರು ಮಾಡಿದರೂ ನಡೆ ಒಂದೇ ಥರ ಇರಲಿ ಅಂತ. ಇಲ್ಲದಿದ್ದರೆ ಸಿ ಮೇಜರ್ ಸಿಹಿ, ಎಫ್ ಶಾರ್ಪ್ ಮೇಜರ್ ಕಹಿ. ನಾವು ಸಾ ಕದಲಿಸದೆ ಇಡೀ ಕಛೇರಿ ಮುಗಿಸುತ್ತೇವೆ, ನಮಗೆ ಆ ತೊಂದರೆ ಬರಲಿಲ್ಲ. ಪಾಶ್ಚಾತ್ಯ ಸಂಗೀತದವರು ಒಂದೇ ಹಾಡಿನಲ್ಲಿ ನಾಲ್ಕು ಸಲ ಸಾ ಬದಲಿಸುತ್ತಾರೆ.

ಸಾಧನಕೇರಿ ಶ್ರುತಿ · 8:41

ಒಪ್ಪಿದೆ ಅಂತ ಹೇಳುವುದಿಲ್ಲ. 302.4 ಬರೆದುಕೊಂಡೆ.

ಕೇಶ್ವಾಪುರ ಕೋರಸ್ · 11:20

ಈಗಷ್ಟೇ ಆರಾಧನೆ ಮುಗಿಸಿ ಬಂದೆ, ಇಲ್ಲಿ ಜಗಳ ಜೋರು ನಡೆದಿದೆ. ಈ ಮೇಜರ್ ಮೈನರ್ ನಮ್ಮ ಊರಿಗೆ ಹೊಸದಲ್ಲ. ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ನಮ್ಮ ಅಜ್ಜಿ ಕನ್ನಡದ ಕೀರ್ತನೆಯನ್ನು ನಾಲ್ಕು ದನಿಯಲ್ಲಿ ಹಾಡುತ್ತಿದ್ದಳು, ಅವಳು ಆಲ್ಟೋ, ಅಂದರೆ ಹೆಂಗಸರ ಕೆಳದನಿ. ಕಪ್ಪು ಬಿಳಿ ಕೀ ನೋಡಿದವಳೇ ಅಲ್ಲ. ದೋ ರೇ ಮಿ ಮೇಲೆ ಕಲಿತವಳು. ಮೈನರ್ ಹಾಡು ಬಂದರೆ "ಇದು ಲಾ ಹಾಡು" ಅನ್ನುತ್ತಿದ್ದಳು. ಲಾ ಅಂದರೆ ಆರನೇ ಸ್ವರ. ನೀವು ರಾತ್ರಿಯೆಲ್ಲಾ ಕೂತು ಹೇಳಿದ್ದನ್ನು ಅವಳು ಎರಡೇ ಪದದಲ್ಲಿ ಹೇಳುತ್ತಿದ್ದಳು.

ಮೂರು ಮೈನರ್ ಯಾಕೆ ಅಂತ ಕೇಳಿದಿರಿ. ಇದು ಹಾಡುವವರಿಗೆ ಬಂದ ತೊಂದರೆಯಿಂದ ಹುಟ್ಟಿದ್ದು. ಮೇಜರ್‌ನಲ್ಲಿ ನಿ ಮತ್ತು ಸಾ ನಡುವೆ ಒಂದೇ ಮನೆ. ನಿ ಹಾಡಿದ ಕೂಡಲೇ ಸಾ ಗೆ ಹೋಗಿ ಬೀಳಬೇಕು ಅನಿಸುತ್ತದೆ, ಹೊಸ್ತಿಲಲ್ಲಿ ನಿಂತ ಹಾಗೆ. ಸಾದಾ ಮೈನರ್‌ನಲ್ಲಿ ನಿ ಕೋಮಲ, ಸಾ ಗೆ ಎರಡು ಮನೆ ದೂರ, ಆ ಸೆಳೆತ ಇಲ್ಲ. ನಾಲ್ಕು ದನಿ ಕೂಡಿಸಿ ಹಾಡು ಮುಗಿಸುವಾಗ ಪ ದ ಮೇಲೆ ಕಟ್ಟಿದ ಕಾರ್ಡ್‌ಗೆ (ಒಟ್ಟಿಗೆ ಹಾಡುವ ಸ್ವರಗಳ ಗೊಂಚಲಿಗೆ) ಮೇಜರ್‌ನ ಆ ಶುದ್ಧ ನಿ ಬೇಕು. ಹಾಗಾಗಿ ನಿ ಒಂದನ್ನೇ ಶುದ್ಧ ಮಾಡಿದರು. ಎ ಮೈನರ್‌ನಲ್ಲಿ ಜಿ ಹೋಗಿ ಜಿ ಶಾರ್ಪ್. ನಡೆ 2-1-2-2-1-3-1. ಇದು ಹಾರ್ಮೋನಿಕ್ ಮೈನರ್.

ಈಗ ಇನ್ನೊಂದು ತೊಂದರೆ ನೋಡಿ. ಧ ಕೋಮಲ, ನಿ ಶುದ್ಧ, ನಡುವೆ ಮೂರು ಮನೆ ಬಾಯಿ ಬಿಟ್ಟಿತು. ನಮ್ಮ ಕೋರಸ್‌ನಲ್ಲಿ ಆ ಹಾರಿಕೆಯಲ್ಲಿ ಯಾವಾಗಲೂ ಒಬ್ಬರು ಜಾರುತ್ತಾರೆ, ಹೆಸರು ಹೇಳುವುದಿಲ್ಲ. ಅದಕ್ಕೆ ಏರುವಾಗ ಧ ವನ್ನೂ ಶುದ್ಧ ಮಾಡಿದರು: 2-1-2-2-2-2-1. ಇಳಿಯುವಾಗ ಸಾ ಗೆ ಓಡುವ ಅವಸರ ಇಲ್ಲ, ಹಾಗಾಗಿ ಧ ನಿ ಎರಡೂ ಮತ್ತೆ ಕೋಮಲ. ಇದು ಮೆಲೋಡಿಕ್ ಮೈನರ್. ಮೂರರಲ್ಲೂ ಕೆಳಗಿನ ಐದು ಸ್ವರ ಒಂದೇ, ಗ ಕೋಮಲವೇ. ಮೈನರ್ ಅನ್ನುವ ಹೆಸರು ಉಳಿದಿರುವುದೇ ಆ ಗ ದಿಂದ. ಜಗಳವೆಲ್ಲಾ ಮೇಲಿನ ಎರಡರದ್ದು.

ಕಪ್ಪು ನಾಲ್ಕು · 11:33

ಆಹಾ! ಏರುವಾಗ ಶುದ್ಧ ನಿ, ಇಳಿಯುವಾಗ ಕೋಮಲ ನಿ. ನಮ್ಮ ದೇಸ್ ರಾಗದಲ್ಲೂ ಇದೇ. ಗ ಬೇರೆ, ಆದರೆ ನಿ ಕಥೆ ಒಂದೇ. ನಿಮ್ಮ ಹಾರ್ಮೋನಿಕ್ ಮೈನರ್ ಸ್ವರಗಳೇ ಕೀರವಾಣಿಗೆ, ಕರ್ನಾಟಕಿಯಲ್ಲಿ 21ನೇ ಮೇಳ (ಮೇಳ ಅಂದರೆ ಅವರ ಥಾಟ್ ಇದ್ದ ಹಾಗೆ). ನಮ್ಮ ಹಿಂದುಸ್ತಾನಿಯವರೂ ಅದನ್ನು ಅಲ್ಲಿಂದ ತಂದುಕೊಂಡು ಸಿತಾರಿನಲ್ಲಿ ನುಡಿಸುತ್ತಾರೆ. ಆ ಮೂರು ಮನೆಯ ಹಾರಿಕೆಯೇ ಅದರ ರುಚಿ. ನೀವು ಅಳುಕಿದ ಜಾಗದಲ್ಲಿ ನಾವು ಡೇರೆ ಹಾಕಿದ್ದೇವೆ.

ಮಂಡಳಿ ಕೀಬೋರ್ಡ್ · 12:05

ಅದೆಲ್ಲಾ ಸರಿ. ಖುಷಿ-ದುಃಖದ ಮಾತು ಯಾರೂ ಎತ್ತಲಿಲ್ಲ. ಮೈನರ್ ಕೇಳಿದರೆ ಬೇಜಾರಾಗುವುದು ನಿಜ ಅಲ್ವಾ?

ಕಪ್ಪು ನಾಲ್ಕು · 12:12

ನಿಜ ಅಲ್ಲ. ದರಬಾರಿ ಕಾನಡಾ, ಅಡಾಣಾ ಎರಡೂ ಆಸಾವರಿ ಥಾಟಿನವು. ನಿಮ್ಮ ಮೈನರ್ ಸ್ವರಗಳೇ. ದರಬಾರಿ ಕೆಳಗಿನ ಸಪ್ತಕದಲ್ಲಿ ಆನೆ ಹಾಗೆ ನಡೆಯುತ್ತದೆ. ಅಡಾಣಾ ಮೇಲಿನ ಸಾ ಹಿಡಿದು ಕುದುರೆ ಹಾಗೆ ಓಡುತ್ತದೆ. ಎರಡರಲ್ಲೂ ಅಳು ಎಲ್ಲಿದೆ?

ಕೇಶ್ವಾಪುರ ಕೋರಸ್ · 12:20

ನಾನು ಪೂರ್ತಿ ಒಪ್ಪುವುದಿಲ್ಲ ಅಕ್ಕಾರ. ಒಂದೊಂದೇ ಸ್ವರ ಹಾಡಿದರೆ ನಿಮ್ಮ ಮಾತು ಸರಿ. ಮೂರು ಸ್ವರ ಒಟ್ಟಿಗೆ ಒತ್ತಿ ನೋಡಿ. ಸಿ-ಇ-ಜಿ, ನಾಲ್ಕು ಮನೆ, ಆಮೇಲೆ ಮೂರು. ಎ-ಸಿ-ಇ, ಮೂರು ಮನೆ, ಆಮೇಲೆ ನಾಲ್ಕು. ಎರಡನೆಯದರಲ್ಲಿ ಏನೋ ಮೋಡ ಕವಿದ ಹಾಗೆ ನನಗಂತೂ ಕೇಳುತ್ತದೆ. ಚರ್ಚಿನಲ್ಲಿ ಬೆಳೆದ ಕಿವಿ ಇರಬಹುದು.

ಬೆಟಗೇರಿ ಪೇಟಿ · 12:31

ಮೋಡ ಕವಿದರೆ ನಮ್ಮ ಗದಗಿನ ಕಡೆ ಖುಷಿಪಡುತ್ತಾರೆ. ಶೇಂಗಾ ಬಿತ್ತಿದವರನ್ನು ಕೇಳಿ.

ಹಾವೇರಿ ಏಲಕ್ಕಿ · 12:33

😂 ಮಾಸ್ತರಿಗೆ ಒಂದು ಮಿರ್ಚಿ ನನ್ನ ಲೆಕ್ಕದಲ್ಲಿ.

ಮಂಡಳಿ ಕೀಬೋರ್ಡ್ · 12:50

ವಿಷಯ ಬಿಟ್ಟು ಒಂದು ಮಾತು. ಮನೆಯಲ್ಲಿ ಅಪ್ಪನ ಕಾಲದ ಪೇಟಿ ಇದೆ. ಎರಡು ಕೀ ಒತ್ತಿದರೆ ಏಳುವುದಿಲ್ಲ, ಗಾಳಿ ಊದುವ ಭಾತೆಯಿಂದ ಗಾಳಿ ಸೋರುತ್ತದೆ. ಹುಬ್ಬಳ್ಳಿಯಲ್ಲಿ ರಿಪೇರಿ ಮಾಡುವವರು ಯಾರಾದರೂ ಇದ್ದಾರಾ?

ಬೆಟಗೇರಿ ಪೇಟಿ · 12:58

ಮೊದಲು ಬಿಚ್ಚಿ ಧೂಳು ಹೊಡೆಯಿರಿ. ಎಷ್ಟೋ ಸಲ ಕೀ ಕೆಳಗೆ ಊದಿನಕಡ್ಡಿ ಚೂರು ಸಿಕ್ಕಿರುತ್ತದೆ. ಭಾತೆಯ ಮಡಿಕೆಯಲ್ಲಿ ತೂತು ಇದ್ದರೆ ತೆಳು ಚರ್ಮ ಅಂಟಿಸಬೇಕು. ಸೆಲ್ಲೊ ಟೇಪ್ ಹಚ್ಚಬೇಡಿ, ಕೈ ಮುಗಿಯುತ್ತೇನೆ. ಆಗದಿದ್ದರೆ ಗದಗಕ್ಕೆ ತೆಗೆದುಕೊಂಡು ಬನ್ನಿ, ನೋಡೋಣ.

ಉಣಕಲ್ ಅಪ್ಪ · ಭಾನುವಾರ ಸಂಜೆ 6:45

ವರದಿ ಒಪ್ಪಿಸುತ್ತೇನೆ.

ಬೆಳಿಗ್ಗೆ ಕಪ್ಪು ನಾಲ್ಕು ಅಕ್ಕಾರ ಹೇಳಿದ ಹಾಗೆ ಮಾಡಿದೆ. ತಂಬೂರಿ ಸಿ ಗೆ ಇಟ್ಟೆ, ಮಗಳು ಬಿಳಿ ಕೀ ಮೇಲೆ ಓಡಾಡಿದಳು. ಹೇಳದೆ ಕೇಳದೆ ಎ ಗೆ ಬದಲಿಸಿದೆ. ಅವಳು ಕೈ ಎತ್ತಿಬಿಟ್ಟಳು. "ಅಪ್ಪಾ, ಏನು ಒತ್ತಿದಿ?" ಅಂದಳು. ಅಡುಗೆ ಮನೆಯಿಂದ ಇವಳೂ ಬಂದು ನೋಡಿದಳು. ದುಃಖ ಆಯಿತಾ ಅಂತ ಮಗಳನ್ನು ಕೇಳಿದೆ. "ಇಲ್ಲ, ಸಂಜೆ ಆದ ಹಾಗೆ ಆಯಿತು" ಅಂದಳು. ಕೋರಸ್ ಅವರ ಮೋಡ, ಅಕ್ಕಾರ ಬೆಳಕು, ಎಲ್ಲಾ ಸೇರಿಸಿ ಅವಳೇ ಒಂದು ಮಾತಿನಲ್ಲಿ ಹೇಳಿದಳು.

ಆಮೇಲೆ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಏಳೂ ಬಿಳಿ ಕೀಗೆ ತಂಬೂರಿ ಇಟ್ಟು ನೋಡಿದಳು. ಆರಕ್ಕೂ ಸರಿ ಹೋಯಿತು. ಏಳನೆಯದು, ಬಿ ಗೆ ಇಟ್ಟಾಗ ಮುಖ ಹುಳ್ಳಗೆ ಮಾಡಿದಳು. ತಂಬೂರಿ ಒಂದು ಹೇಳುತ್ತದೆ, ಕೀಬೋರ್ಡ್ ಇನ್ನೊಂದು. ಹೊಸ ಪ್ರಶ್ನೆ ಶುರುವಾಗಿದೆ: "ಈ ಮನೆಗೆ ಮಾತ್ರ ಯಾಕೆ ಜಗಳ?"

ಕಪ್ಪು ನಾಲ್ಕು · 6:58

ಪುಟ್ಟಿಗೆ ಶಭಾಷ್! ನಾನು ನಿನ್ನೆ ಬರೆಯುವಾಗ ಬೇಕಂತಲೇ ನಿ ಬಿಟ್ಟಿದ್ದೆ. ನಿ ಯಿಂದ ಶುರು ಮಾಡಿದರೆ ಪಂಚಮವೇ ಇಲ್ಲ. ಸಾ ದಿಂದ ಏಳನೇ ಮನೆಯಲ್ಲಿ ಪ ಇರಬೇಕು. ಬಿ ಯಿಂದ ಏಳು ಎಣಿಸಿದರೆ ಕಪ್ಪು ಕೀ ಬರುತ್ತದೆ, ಎಫ್ ಶಾರ್ಪ್. ಬಿಳಿ ಎಫ್ ಆರನೇ ಮನೆ, ಅದು ತೀವ್ರ ಮ. ತಂಬೂರಿ ಪ ಅನ್ನುತ್ತಿದೆ, ಇವಳ ಕೈ ತೀವ್ರ ಮ ಅನ್ನುತ್ತಿದೆ. ಜಗಳ ಆಗದೆ ಇರುತ್ತದಾ? ಭಾತಖಂಡೆಯವರ ಹತ್ತರಲ್ಲಿ ಇದಕ್ಕೆ ಜಾಗ ಇಲ್ಲ.

ಕೇಶ್ವಾಪುರ ಕೋರಸ್ · 7:04

ನಮ್ಮ ಕಡೆ ಇದಕ್ಕೆ ಲೋಕ್ರಿಯನ್ ಅಂತ ಹೆಸರಿದೆ. ಹೆಸರು ಇದೆ, ಹಾಡು ಇಲ್ಲ ಅನ್ನುವಷ್ಟು ಕಡಿಮೆ.

ಹಾವೇರಿ ಏಲಕ್ಕಿ · 7:10

ಪ ಇಲ್ಲ, ಎರಡು ಮ ಇವೆ. ಅಂದರೆ ಲಲಿತ! ಈ ಸಲ ಸರಿ ಅಲ್ವಾ?

ಕಪ್ಪು ನಾಲ್ಕು · 7:13

ಹತ್ತಿರ ಬಂದಿರಿ, ಆದರೂ ತಪ್ಪು. ಲಲಿತದಲ್ಲಿ ಗ, ನಿ ಶುದ್ಧ. ಇಲ್ಲಿ ಎರಡೂ ಕೋಮಲ. ಆದರೆ ಒಂದು ಒಳ್ಳೆಯ ಸುಳಿವು ಕೊಟ್ಟಿರಿ: ಲಲಿತ ಹಾಡುವಾಗ ತಂಬೂರಿಯಲ್ಲಿ ಪ ಬದಲು ಮ ಕೂಡಿಸುತ್ತಾರೆ. ಅಪ್ಪಾರ, ಆ್ಯಪ್‌ನಲ್ಲಿ ಪ ತೆಗೆದು ಮ ಹಾಕಿ ನೋಡಿ. ಬಿ ಯಿಂದ ಐದನೇ ಮನೆ ಇ, ಅದು ಬಿಳಿಯೇ.

ಉಣಕಲ್ ಅಪ್ಪ · 7:40

ಹಾಕಿಕೊಟ್ಟೆ. ಜಗಳ ನಿಂತಿದೆ. ಅರ್ಧ ಗಂಟೆಯಿಂದ ಅದರ ಮೇಲೆಯೇ ಕೂತಿದ್ದಾಳೆ, ಊಟಕ್ಕೆ ಕರೆದರೆ ಬರುತ್ತಿಲ್ಲ. ಬುಧವಾರದ ಕ್ಲಾಸಿಗೆ ಎ ಮೈನರ್ ಎರಡು ಕೈಯಲ್ಲಿ ನುಡಿಸಿ ತೋರಿಸಬೇಕು, ಅದನ್ನು ಇನ್ನೂ ಮುಟ್ಟಿಲ್ಲ.